ನಿಂಬೆವ್ವನ ಖಾನಾವಳಿಯ ನೆರಳು

ನಮ್ಮೂರಿನಲ್ಲಿ ಕಟ್ಟಡ ಬಿದ್ದರೂ ಅದರ ನೆರಳು ಬೀಳುವುದು ನಿಲ್ಲುವುದಿಲ್ಲ. ಗಿರಣಿ ಸಾಲಿಗೆ ಹೊಸದಾಗಿ ಬಂದವರು ಕತ್ತೆತ್ತಿ ನೋಡಿ, ಇಲ್ಲೇನೂ ಇಲ್ಲವಲ್ಲ ಅನ್ನುತ್ತಾರೆ. ನಾವು ಇಲ್ಲಿಯವರು ನೆಲ ನೋಡಿ ನಡೆಯುವವರು. ನೆಲದ ಮೇಲೆ ಎಲ್ಲವೂ ಇದೆ. ನೂಲಿನ ಗಿರಣಿಯ ಗರಗಸದಂಥ ಮಾಡು, ಸಂಬಳ ಕೊಡುತ್ತಿದ್ದ ಕಿಟಕಿ, ಮಹಡಿಯ ಮೇಲೆ ಬೆಂಚು ಹಾಕಿದ್ದ ಚಹಾದ ಹೋಟೆಲು, ದರ್ಜಿಯ ಕಟ್ಟೆ, ಹತ್ತಿ ಜಿನ್ನಿನ ಗೋದಾಮು, ಎಲ್ಲ. ಗಿರಣಿಯ ಚಿಮಣಿ ಕೆಡವಿ, ಅದರ ಇಟ್ಟಿಗೆಯಲ್ಲಿ ಮನೆ ಕಟ್ಟಿಕೊಂಡವರು ಮೊಮ್ಮಕ್ಕಳನ್ನೂ ಕಂಡಿದ್ದಾರೆ. ಅದರ ನೆರಳು ಮಾತ್ರ ಇವತ್ತಿಗೂ ಬೆಳಗ್ಗೆ ಪಡುವಣಕ್ಕೆ ಮಲಗಿ, ಸಂಜೆ ಮೂಡಣಕ್ಕೆ ಹೊರಳುತ್ತದೆ. ಬಾಳೆಹಣ್ಣಿನ ಗಾಡಿಯವನು ಅದರ ಜೊತೆಗೇ ಗಾಡಿ ತಳ್ಳಿಕೊಂಡು ದಿನವಿಡೀ ಸುತ್ತುತ್ತಾನೆ. ಬುತ್ತಿ ತರುವ ಅವನ ಹೆಂಡತಿ ಹೊತ್ತು ನೋಡಿಯೇ ಗಂಡ ಎಲ್ಲಿದ್ದಾನೆಂದು ಹೇಳುತ್ತಾಳೆ.

ಹಪ್ಪಳ ಒಣಗಿಸುವ ಹೆಂಗಸರು ಗೋದಾಮಿಗೂ ಹೋಟೆಲಿಗೂ ನಡುವಿನ ಬಿಸಿಲಿಗಾಗಿ ಜಗಳಾಡುತ್ತಾರೆ. ಹೆಣ್ಣು ಕೊಡುವವರು ಹುಡುಗನ ಮನೆಗೆ ಎಷ್ಟು ನೆರಳಿದೆ ಎಂದು ಕೇಳಿಯೇ ಮುಂದಿನ ಮಾತು. ಸಂಬಳದ ಕಿಟಕಿಯ ನೆರಳಿನಲ್ಲಿ ಮಾತ್ರ ಯಾರೂ ಹಾಯಾಗಿ ಕೂರುವುದಿಲ್ಲ. ಅಲ್ಲಿ ಕೂತವರಿಗೆ ಯಾರಾದರೂ ತಮ್ಮನ್ನು ಹೆಸರು ಹಿಡಿದು ಕೂಗಬಹುದು ಅನ್ನಿಸುತ್ತದಂತೆ.

ಆದರೆ ನೆರಳನ್ನು ಸುಮ್ಮನೆ ಬಿಟ್ಟರೆ ಉಳಿಯುವುದಿಲ್ಲ. ಯುಗಾದಿಯಿಂದ ಮೊದಲ ಮಳೆಯವರೆಗೆ, ಬೇಸಿಗೆ ಪೂರ್ತಿ ಯಾರೂ ಅದರಲ್ಲಿ ಕೂರದಿದ್ದರೆ ಅದು ಬಿಳಚಿಕೊಳ್ಳುತ್ತಾ ಹೋಗಿ, ಮಳೆ ನಿಂತ ಮೇಲೆ ಬರುವ ಬಿಸಿಲಿನಲ್ಲಿ ಇರುವುದಿಲ್ಲ. ಸುಮ್ಮನೆ ನಿಂತರೆ ಲೆಕ್ಕವಿಲ್ಲ, ದಾಟಿ ಹೋದರೆ ಲೆಕ್ಕವಿಲ್ಲ, ಕೂರಬೇಕು. ಅದಕ್ಕೇ ಗಿರಣಿ ಸಾಲಿನ ಜನ ಕೂರುವುದರಲ್ಲಿ ಗಟ್ಟಿಗರು. ಸೋಮಾರಿಗಳೆಂದು ಪರವೂರಿನವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ನಾನು ಹಾಲವ್ವ. ಗಿರಣಿಯ ಗೇಟಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ನಿಂಬೆವ್ವನ ಮಗಳು. ನಮ್ಮವ್ವನ ರೊಟ್ಟಿ ತಿನ್ನದೆ ಪಾಳಿಗೆ ಹೋದವರಿಗೆ ಅವತ್ತಿನ ನೂಲು ಹರಿಯುತ್ತಿತ್ತು ಎಂದು ಹೇಳುತ್ತಿದ್ದರು. ಅಪ್ಪ ಗಿರಣಿಯಲ್ಲಿ ಹತ್ತಿ ಬಡಿಯುವ ಖಾತೆಯಲ್ಲಿದ್ದ. ಹಗಲು ಹತ್ತಿಯ ಧೂಳು ಕುಡಿದ, ಸಂಜೆ ಸಾರಾಯಿ ಕುಡಿದ, ಎರಡೂ ಸೇರಿ ಅವನನ್ನು ಬೇಗ ಮುಗಿಸಿದವು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಅವ್ವ ಅಳಲಿಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಸಾರಾಯಿ ಅಂಗಡಿಯ ಹೊಸ್ತಿಲಿಗೆ ಅಡ್ಡ ಮಲಗಿದಳು. ಬೆಳಗಿನ ಪಾಳಿಗೆ ಕೆಲವರು, ಸಂಜೆಯ ಪಾಳಿಗೆ ಕೆಲವರು, ಗಿರಣಿಯ ಹಾಗೆಯೇ. ಹೆಂಗಸರನ್ನು ದಾಟಿ ಒಳಗೆ ಹೋಗುವ ಗಂಡಸು ನಮ್ಮೂರಲ್ಲಿ ಇರಲಿಲ್ಲ. ಅಂಗಡಿಯ ಗುತ್ತಿಗೆದಾರ ಕೊನೆಗೆ ಬೀಗ ಹಾಕಿಕೊಂಡು ಹೋದ.

ಆಮೇಲೆ ಗಿರಣಿಯೂ ನಿಂತಿತು. ಸಾಲನ್ನು ಕೆಡವಿದರು. ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಹೋದಳು, ಅಲ್ಲಿಯೇ ತೀರಿಕೊಂಡಳು. ಸಾಯುವ ಮುನ್ನ ಅವಳು ಆಸ್ತಿಯ ಬಗ್ಗೆ ಹೇಳಲಿಲ್ಲ, ಇದ್ದರೆ ತಾನೆ. "ನನ್ನ ಒಲಿ ಆರಿ ಭಾಳ ದಿನ ಆತು" ಅಂದಳು, ಅಷ್ಟೇ. ಆ ಮಾತು ನನ್ನ ತಲೆಯಲ್ಲಿ ಮುಳ್ಳಿನಂತೆ ಕೂತಿತು. ಗಂಡ ಸತ್ತು, ಅತ್ತೆಮನೆಯಲ್ಲಿ ನನಗೆ ಜಾಗ ಇಲ್ಲವೆಂದು ಖಾತ್ರಿಯಾದ ದಿನ ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ ಹೊತ್ತುಕೊಂಡು ಗಿರಣಿ ಸಾಲಿಗೆ ಬಂದೆ.

ಸಾಲು ಬಿಟ್ಟಾಗ ನಾನು ಸಣ್ಣವಳು. ಖಾನಾವಳಿಯ ಬಗ್ಗೆ ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿದ್ದುದು ಒಂದೇ ಚಿತ್ರ: ಒಂದು ಚೌಕದ ಬೆಳಕು, ಆ ಬೆಳಕಿನಲ್ಲಿ ಬಿಸಿ ರೊಟ್ಟಿ ಹಿಡಿದ ನನ್ನದೇ ಕೈ. ಬೀದಿಯಲ್ಲಿ ಒಂದೊಂದೇ ನೆರಳು ನೋಡುತ್ತಾ ಬಂದೆ. ಒಂದರ ನಡುವೆ, ಹೊತ್ತು ವಾಲಿದ ಮೇಲೆ, ಕೈಯಗಲದ ಒಂದು ಚೌಕ ಬೆಳಕು ಬಿದ್ದಿತ್ತು. ಅವ್ವನ ಅಡುಗೆಮನೆಯ ಬೆಳಕಿಂಡಿ! ಹೊತ್ತಿದ್ದನ್ನೆಲ್ಲ ಅಲ್ಲೇ ಇಳಿಸಿ ಕುಸಿದು ಕೂತು ಅತ್ತೆ. ಬೀದಿಯವರು ಸುತ್ತ ನಿಂತು ನೋಡಿದರು. ಯಾರೋ ನೀರು ತಂದುಕೊಟ್ಟರು. ಯಾರೂ ಏನೂ ಹೇಳಲಿಲ್ಲ.

ಅವತ್ತಿನಿಂದ ಆ ನೆರಳಿನಲ್ಲಿ ನನ್ನ ಒಲೆ ಉರಿಯಿತು. ಬೆಳಗ್ಗೆ ಚಹಾ, ಮಧ್ಯಾಹ್ನ ರೊಟ್ಟಿ-ಪಲ್ಯ, ಸಂಜೆ ಮಿರ್ಚಿ ಭಜಿ. ಗುರುಪಾದ ಕಾಕಾ ಮತ್ತು ಅವನ ವಾರಿಗೆಯ ಮುದುಕರು ಮೊದಲ ದಿನದಿಂದ ನನ್ನ ಗಿರಾಕಿಗಳು. ಕಾಕಾ ಗಿರಣಿಯಲ್ಲಿ ಅಪ್ಪನ ಖಾತೆಯ ಜಾಬರ್, ಅಂದರೆ ಮೇಸ್ತ್ರಿ, ಆಗಿದ್ದವನು. ಒಂದು ಚಹಾ ಹಿಡಿದು ಹೊತ್ತು ಮುಳುಗುವ ತನಕ ಕೂರುತ್ತಿದ್ದ, ಅದೂ ಯಾವಾಗಲೂ ಅದೇ ಮೂಲೆಯಲ್ಲಿ, ಬೆನ್ನು ಯಾವುದಕ್ಕೋ ಆನಿಸಿದ ಹಾಗೆ. ಆನಿಸಲು ಅಲ್ಲಿ ಏನೂ ಇಲ್ಲ. ಅವ್ವನ ಮೇಲಿನ ಅಭಿಮಾನ ನೋಡು ಎಂದು ನಾನು ಹಿಗ್ಗಿ, ಅವನ ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ.

ಹೀಗಿರುವಾಗ ಇರಸಂಗಪ್ಪ ಸಾವ್ಕಾರರು ಗಿರಣಿಯ ಜಾಗ ಕೊಂಡರು. ಮೆಣಸಿನಕಾಯಿಯ ದೊಡ್ಡ ವ್ಯಾಪಾರ ಅವರದು. ಗೇಟಿನ ಓಣಿಯ ಆಚೆಗೆ ತಂತಿ ಬೇಲಿ ಹಾಕಿಸಿ ಮೆಣಸಿನಕಾಯಿಯ ಕಣ ಮಾಡಿದರು. ಕೆಂಪಗೆ ಹರವಿದ ಕಾಯಿ ಊರಿನ ಅರ್ಧ ಮಂದಿಯನ್ನು ಸೀನಿಸುತ್ತಿತ್ತು. ಆದರೆ ಕಾಯಿಗೆ ಬಿಸಿಲು ಬೇಕು, ಅವರು ಕೊಂಡ ಜಾಗದಲ್ಲೆಲ್ಲ ನೆರಳು. ಕೂತವರನ್ನು ಬಲವಂತದಿಂದ ಎಬ್ಬಿಸುವ ರೂಢಿ ನಮ್ಮಲ್ಲಿಲ್ಲ, ಅವರೂ ಅಂಥ ಮನುಷ್ಯರಲ್ಲ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಮಾತಾಡುವವರು.

"ಹಾಲವ್ವಾ, ನಾ ಯಾರ ಹೊಟ್ಟಿ ಮ್ಯಾಲೂ ಹೊಡಿಯಾಕ ಬಂದಿಲ್ಲವಾ. ನನ್ನ ಕಾಯಿಗೆ ಬಿಸಲ ಬೇಕು, ನಿನಗ ನೆರಳ ಬೇಕು. ರಸ್ತೆದ ಆಚಿ ಕಡಿ ನಿನಗೊಂದ ತಗಡಿನ ಶೆಡ್ ಹಾಕಿ ಕೊಡ್ತೀನಿ. ಫ್ಯಾನ್ ಸೈತ ಹಾಕಸ್ತೀನಿ."

"ತಗಡಿನ ನೆರಳು ನಮ್ಮವ್ವಂದಲ್ಲರಿ ಸಾವ್ಕಾರ್ರ."

"ಇದು ನಿಮ್ಮವ್ವಂದ ಅಂತ ಏನ್ ಖಾತ್ರಿ? ಬೀದಿ ರೂಢಿ ನನಗೂ ಗೊತ್ತೈತಿ. ಒಳಗ ನಡದು ತೋರಸು. ನಡದಿ ಅಂದ್ರ ನಾ ಮತ್ತ ಈ ಕಡಿ ತಲಿ ಹಾಕೂದಿಲ್ಲ."

ಒಳಗೆ ನಡೆಯುವುದೆಂದರೆ ನಮ್ಮ ಬೀದಿಯ ಹಳೆಯ ಪದ್ಧತಿ. ಯಾವುದಾದರೂ ನೆರಳಿನ ಬಗ್ಗೆ ತಕರಾರು ಬಂದರೆ, ಅದು ತನ್ನದೆನ್ನುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರೊಳಗೆ ನಡೆಯಬೇಕು. ಇಲ್ಲಿ ಬಾಗಿಲು, ಇಲ್ಲಿ ಗಲ್ಲಾಪೆಟ್ಟಿಗೆ, ಇಲ್ಲಿ ನೀರಿನ ಹಂಡೆ ಎಂದು ತೋರಿಸಬೇಕು. ನೋಡಿ ಬಲ್ಲವರು ಸುತ್ತ ನಿಂತು ಹೌದು ಅಥವಾ ಅಲ್ಲ ಅನ್ನಬೇಕು. ಒಂದೇ ಒಂದು ಅಲ್ಲ ಬಂದರೂ ನೆರಳು ಕೈಬಿಟ್ಟ ಹಾಗೆ.

ಸಾವ್ಕಾರರ ಇಂಥದೇ ತಕರಾರಿಗೆ ಆ ವಾರ ಸೈಕಲ್ ಅಂಗಡಿಯ ಮೌಲಾಸಾಬ್ ಚಾಚಾ ನಡೆದಿದ್ದ. ಅವನ ಅಂಗಡಿಯೂ ಬಿದ್ದು ಹೋಗಿ, ಅದರ ನೆರಳಿನಲ್ಲೇ ಇಂದಿಗೂ ಪಂಕ್ಚರ್ ಹಾಕುತ್ತಾನೆ. ಬಟ್ಟೆ ಕಟ್ಟಿಕೊಂಡವನು ಇಲ್ಲದ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋದ. ಟ್ಯೂಬು ಮುಳುಗಿಸುವ ನೀರಿನ ಬೋಗುಣಿಯ ಸುತ್ತ ಹುಷಾರಾಗಿ ಬಳಸಿ ನಡೆದ. ಕೊನೆಗೆ ನಟ್ಟು ತಿರುಗಿಸುವ ಪಾನಾವನ್ನು ಮೊಳೆಗೆ ತೂಗುಹಾಕಿದ. ಅದು ಅವನ ಕಾಲ ಮೇಲೆಯೇ ಬಿತ್ತು. "ಮೊಳಿ ಅಲ್ಲೇ ಐತಿ, ಗ್ವಾಡಿ ಇಲ್ಲ ನೋಡು" ಎಂದು ಅವನು ಕಾಲು ಹಿಡಿದು ಕುಣಿಯುವಾಗ ಸಾವ್ಕಾರರೂ ನಕ್ಕು ಹೌದು ಅಂದರು.

ನಾನೂ ನಡೆಯುತ್ತೇನೆ ಎಂದೆ. ಇದರಲ್ಲಿ ಹೆದರುವುದೇನಿದೆ? ಆದರೆ ನನ್ನ ಮಾತು ಕೇಳಿ ಗುರುಪಾದ ಕಾಕಾನ ಚಹಾ ಅರ್ಧಕ್ಕೇ ನಿಂತಿತು.

"ಶೆಡ್ ತಗೊಂಡ್ ಬಿಡವಾ ತಂಗಿ. ಸಾವ್ಕಾರ ಚಲೋ ಮನಷ್ಯಾ ಅದಾನ. ನಡಿಗಿ-ಗಿಡಿಗಿ ಎಲ್ಲಾ ಯಾಕ?"

"ಯಾಕ ಕಾಕಾ, ನಾ ತಪ್ಪತೀನಂತ ಅಂಜಿಕಿ ಬಂತೇನು?"

"ತಪ್ಪಿದ್ರ ಅಲ್ಲ ಅನ್ನಾವ್ರ ಇಲ್ಲಿ ಯಾರೂ ಇಲ್ಲ ಬಿಡು" ಅಂದ ಅವನು. ಅದನ್ನು ಧೈರ್ಯದ ಮಾತೆಂದುಕೊಂಡೆ.

ನಡೆಯುವ ದಿನ ಊಟದ ಹೊತ್ತು ಮೀರಿತ್ತು, ಬಿಸಿಲು ವಾಲಿತ್ತು. ಬೀದಿಗೆ ಬೀದಿಯೇ ಸೇರಿತ್ತು. ಸಾವ್ಕಾರರು ಕೊಡೆ ಹಿಡಿದು ನಿಂತಿದ್ದರು. ಗುರುಪಾದ ಕಾಕಾನೇ ನನ್ನ ಕಣ್ಣಿಗೆ ತನ್ನ ಟವೆಲು ಕಟ್ಟಿದ. ಗಂಟು ಎರಡು ಸಲ ತಪ್ಪಿ, ಮತ್ತೆ ಕಟ್ಟಿದ. ವಯಸ್ಸು, ಅಂದುಕೊಂಡೆ.

"ಇಲ್ಲಿ ಬಾಗಲಾ" ಅಂದೆ. ಹೌದು, ಹೌದು ಎಂದು ಸುತ್ತಲಿನಿಂದ ಬಂತು. "ಇಲ್ಲಿ ಉಣ್ಣಾವ್ರ ಸಾಲು ಕುಂದರ್ತಿದ್ರು." ಹೌದು. "ಇಲ್ಲಿ ನೀರಿನ ಗುಮ್ಮಿ." ಹೌದು, ಹೌದು. ಒಂದಿಷ್ಟೂ ತಡವರಿಸದೆ ಹೌದುಗಳು ಬರುತ್ತಿದ್ದವು. "ಇಲ್ಲಿ ನಮ್ಮವ್ವನ ಒಲಿ" ಎಂದು ಅದರ ಮುಂದೆ ಕೂತೆ, ಸಣ್ಣವಳಿದ್ದಾಗ ಅವ್ವನ ಪಕ್ಕ ಕೂರುತ್ತಿದ್ದ ಹಾಗೆ, ಮೊಣಕಾಲಿಗೆ ಗಲ್ಲ ಊರಿಕೊಂಡು.

ಆಗ ಓಣಿಯ ಆಚೆಯಿಂದ ಮೌಲಾಸಾಬ್ ಚಾಚಾನ ಪಂಪಿನ ಸದ್ದು ಬಂತು. ಯಾರೋ ಅವಸರದ ಗಿರಾಕಿ ಗಾಳಿ ತುಂಬಿಸುತ್ತಿದ್ದಿರಬೇಕು. ಬುಸ್, ಬುಸ್, ಬುಸ್. ಮೊಣಕಾಲಿನಿಂದ ಗಲ್ಲ ಎತ್ತಿ ಕಿವಿಗೊಟ್ಟೆ.

ಆ ಸದ್ದನ್ನು ನಾನು ದಿನಾ ಕೇಳುತ್ತೇನೆ. ಆದರೆ ಕಣ್ಣು ಬಿಟ್ಟಿರುವಾಗ ಕಿವಿಗೆ ಅಷ್ಟೊಂದು ಕೆಲಸವಿರುವುದಿಲ್ಲ. ಈಗ ಕಣ್ಣು ಕಟ್ಟಿತ್ತು, ಅವ್ವನ ಒಲೆಯ ಮುಂದೆ ಕೂತಿದ್ದೆ, ಪಂಪಿನ ಸದ್ದು ಬೆನ್ನ ಹಿಂದೆ ದೂರದಿಂದ ಬರುತ್ತಿತ್ತು. ಅದು ಬೆನ್ನ ಹಿಂದಿನಿಂದ ಬರಬಾರದು. ಅವ್ವನ ಒಲೆಯ ಮುಂದೆ ಕೂತರೆ ಆ ಸದ್ದು ಎದುರಿನಿಂದ ಬರುತ್ತಿತ್ತು, ಒಲೆಯ ಹಿಂದಿನ ಗೋಡೆಯ ಒಳಗಿಂದಲೇ ಅನ್ನುವಷ್ಟು ಹತ್ತಿರದಿಂದ. "ಗ್ವಾಡ್ಯಾಗ ಹಾವು ಐತೇನವಾ?" ಎಂದು ನಾನು ಅಂಜಿ ಕೇಳುತ್ತಿದ್ದೆ. "ಹಾವಲ್ಲ, ಮೌಲಾಸಾಬ" ಎಂದು ಅವ್ವ ನಗುತ್ತಿದ್ದಳು. ಅವಳ ನಗು ಕೂಡ ಈಗ ಕೇಳಿಸಿದ ಹಾಗಾಯಿತು. ಅದೆಲ್ಲಾ ಎಲ್ಲಿ ಅಡಗಿಕೊಂಡಿತ್ತೋ.

ನಾನು ಸುಮ್ಮನಾದದ್ದು ನೋಡಿ ಪಂಪೂ ಸುಮ್ಮನಾಯಿತು. ಬೀದಿಯೂ ಸುಮ್ಮನಾಯಿತು. ಹೌದು ಅನ್ನಲು ಬಾಯಿ ತೆರೆದುಕೊಂಡು ನಿಂತಿದ್ದ ಅಷ್ಟೂ ಜನ ಉಸಿರು ಹಿಡಿದಿದ್ದಾರೆ ಎಂದು ಕಾಣದಿದ್ದರೂ ತಿಳಿಯುತ್ತಿತ್ತು. ಆಗ ನನಗೆ ಅರ್ಥವಾಯಿತು. ಇದು ಅವ್ವನ ಜಾಗವಲ್ಲವೆಂದು ಇವರಿಗೆಲ್ಲ ಗೊತ್ತಿದೆ. ಮೊದಲಿನಿಂದಲೂ ಗೊತ್ತಿದೆ.

ಟವೆಲು ಬಿಚ್ಚಿ ಎದ್ದುಬಿಟ್ಟರೆ ಆಗಿತ್ತು. ಇಲ್ಲವೇ ಇನ್ನೆರಡು ಮಾತು ಹೇಳಿದ್ದರೆ ಎಲ್ಲರೂ ಹೌದು ಅಂದುಬಿಡುತ್ತಿದ್ದರು, ಸಾವ್ಕಾರರು ಮನೆಗೆ ಹೋಗುತ್ತಿದ್ದರು, ನನ್ನ ಒಲೆ ನನ್ನದಾಗಿರುತ್ತಿತ್ತು. ಬೇಕಿದ್ದುದು ಅದೇ ತಾನೆ? ಅಲ್ಲ. ನನಗೆ ಬೇಕಿದ್ದುದು ಅವ್ವನ ಒಲೆ.

"ಚಾಚಾ, ಪಂಪ್ ಹೊಡಿ" ಎಂದೆ.

"ಛೋಡ್ ಬೇಟಿ, ಬಿಡು. ಗಿರಾಕಿ ಹ್ವಾದ್ರು."

"ಹೊಡಿ ಅಂದ್ನಿಲ್ಲೋ! ನಾ ಸಾಕನ್ನೂತನಕ ನಿಲ್ಲಸಬ್ಯಾಡ."

ಬುಸ್, ಬುಸ್. ಎದ್ದು ಆ ಕಡೆ ತಿರುಗಿದೆ. ನಡೆದೆ. ನೆರಳಿನ ಅಂಚು ದಾಟಿದ್ದು ಅಂಗಾಲಿಗೆ ಗೊತ್ತಾಯಿತು, ಕಾದ ಹಂಚಿನ ಮೇಲೆ ಕಾಲಿಟ್ಟ ಹಾಗೆ. ಜನ ಅತ್ತಿತ್ತ ಸರಿದರು. ಓಣಿ ದಾಟಿದೆ. ಎದುರಿಗೆ ತಂತಿ ಸಿಕ್ಕಿತು, ಸೀರೆ ಹರಿಯಿತು. ಯಾರೋ ತಂತಿ ಎತ್ತಿ ಹಿಡಿದರು. ಯಾರೆಂದು ಆಮೇಲೆ ತಿಳಿಯಿತು, ಗುರುಪಾದ ಕಾಕಾ. ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು, ಟವೆಲಿನ ಒಳಗೇ ಕಣ್ಣೀರು ಸುರಿಯಿತು. ಕಾಯಿ ತುಳಿಯಬೇಡವೆಂದು ಸಾವ್ಕಾರರು ಹಿಂದಿನಿಂದ ಕೂಗುತ್ತಿದ್ದರು. ಪಂಪು ಹತ್ತಿರವಾಗುತ್ತಾ ಹೋಯಿತು. ಹೀಗೆ ಬಲಕ್ಕೆ, ಇಲ್ಲೊಂದು ಮೆಟ್ಟಿಲು ಇಳಿಯಬೇಕು. ಕಾಲು ತಾನೇ ಇಳಿಯಲು ಹೋಗಿ ಮುಗ್ಗರಿಸಿತು. ಮತ್ತೆ ಅಂಗಾಲು ತಂಪಾಯಿತು.

ಕೈ ಚಾಚಿ ಮುಂದೆ ಹೋದೆ. ಪಂಪು ಈಗ ಎದುರಿಗೆ, ಗೋಡೆಯೊಳಗಿನ ಹಾವಿನ ಹಾಗೆ.

"ಇಲ್ಲಿ ಒಲಿ. ಇದ ನಮ್ಮವ್ವನ ಒಲಿ."

"ಎದ್ದ ಆಚೀಗೆ ಸರಕೊಳ್ಳಲೇನಬೇ?" ಎಂದು ಯಾವಳೋ ಕಾಲ ಬುಡದಿಂದ ಕೇಳಿದಳು. "ಅರ್ಧಾ ರೊಟ್ಟಿ ಉಳದೈತಿ, ತಿಂದ್ ಏಳ್ತೀನಿ."

ಟವೆಲು ಕಿತ್ತೆ. ಸಾವ್ಕಾರರ ಕಣದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮಾತಾಡಿದವಳು ರುದ್ರವ್ವ, ಅವರ ಮುಂದಾಳು. ಅವರು ಕೂತಿದ್ದುದು ಒಂದು ಸಣ್ಣ ನೆರಳಿನಲ್ಲಿ, ರಾಶಿಯ ನೆರಳೆಂದೇ ನಾನು ಯಾವತ್ತೂ ಅಂದುಕೊಂಡಿದ್ದ ನೆರಳಿನಲ್ಲಿ. ರುದ್ರವ್ವನ ಮಡಿಲಿನಲ್ಲಿ, ಅರ್ಧ ರೊಟ್ಟಿಯ ಮೇಲೆ, ಒಂದು ಬೆಳಕು ಬಿದ್ದಿತ್ತು. ಚೌಕದ್ದಲ್ಲ. ದುಂಡಗೆ.

"ಗಡಗಿ ಬಾಯಿ" ಎಂದ ಗುರುಪಾದ ಕಾಕಾ ನನ್ನ ಹಿಂದಿನಿಂದ, ದನಿ ಸಣ್ಣದು ಮಾಡಿ. "ನಿಮ್ಮವ್ವನ ಬೆಳಕಿಂಡಿ ದುಂಡಗ ಇತ್ತವಾ. ಒಡದ ಗಡಗಿ ಬಾಯಿ ಕೂಡಸಿದ್ಲು ಮಾಳಗ್ಯಾಗ. ನಾನ ಏರಿ ಕೂಡಸಿ ಕೊಟ್ಟಿದ್ದೆ."

"ಮತ್ತ ನಾ ಇಷ್ಟ ವರ್ಸ ಕುಂತಿದ್ದು ಎಲ್ಲಿ?"

ಮೌಲಾಸಾಬ್ ಚಾಚಾ ಪಂಪು ಹಿಡಿದುಕೊಂಡೇ ಬಂದು ನಿಂತಿದ್ದ. ಬಾಳೆಹಣ್ಣಿನವನು ಗಾಡಿಯ ಗಾಲಿ ನೋಡುತ್ತಿದ್ದ. ಕೇಳಿ ತಿಳಿಯುವ ಅಗತ್ಯವೂ ಇರಲಿಲ್ಲ. ಅಷ್ಟು ಮುದುಕರು ಒಂದೇ ಮೂಲೆಗೆ ಬೆನ್ನು ಕೊಟ್ಟು ಸಂಜೆಯವರೆಗೆ ಕೂರುವ ಅಂಗಡಿ ಈ ಸಾಲಿನಲ್ಲಿ ಯಾವುದಿತ್ತು?

"ಸಾರಾಯಿ ಅಂಗಡಿ" ಅಂದೆ. ನನ್ನ ಬಾಯಿಂದಲೇ ಬಂತು. ನಮ್ಮವ್ವ ಯಾವುದರ ಹೊಸ್ತಿಲಿಗೆ ಅಡ್ಡ ಮಲಗಿ ಮುಚ್ಚಿಸಿದ್ದಳೋ ಅದನ್ನು ಅವಳ ಮಗಳಾದ ನಾನು ಬೇಸಿಗೆಯಿಂದ ಬೇಸಿಗೆಗೆ ಕೂತು ಕೂತು ಕಾಪಾಡಿದ್ದೆ. ಅವ್ವ ಎಲ್ಲಿದ್ದಾಳೋ ಅಲ್ಲಿ ಹಣೆ ಚಚ್ಚಿಕೊಂಡಿರುತ್ತಾಳೆ.

"ನಾಚಿಕಿ ಬರಲಿಲ್ಲಾ ನಿಮಗ? ದಿನಾ ನನ್ನ ಚಹಾ ಕುಡಕೋತ, ದಿನಾ ನಿಂಬೆವ್ವ ನಿಂಬೆವ್ವ ಅಂದಕೋತ!"

"ನೀ ಬಂದ ದಿನ ಆ ಚೌಕದ ಬೆಳಕ ನೋಡಿ ಗೊಳೋ ಅಂತ ಅತ್ತಿ" ಅಂದ ಮೌಲಾಸಾಬ್ ಚಾಚಾ. "ಅಂಥಾ ಹೊತ್ತಿನ್ಯಾಗ ಯಾರ್ ಬಾಯಿ ಬಿಡಬೇಕು ಬೇಟಿ? ನಾಳೆ ಹೇಳೂಣು, ನಾಡದ ಹೇಳೂಣು ಅಂದ್ವಿ. ಹಂಗ ಉಳೀತು."

ಸಾವ್ಕಾರರು ಕೊಡೆ ಮಡಚಿದರು. ಅವರ ಮುಖದಲ್ಲಿ ಗೆದ್ದ ಕಳೆ ಬಂದಿತ್ತು, ಆದರೆ ಅದನ್ನು ತೋರಿಸಿಕೊಳ್ಳುವ ಮನುಷ್ಯರಲ್ಲ. "ಆತಲ್ಲವಾ. ಅದು ನಿಂದಲ್ಲ ಅಂತ ನೀನ ತೋರಿಸಿದಿ. ಇದು ನಿಂದ ಖರೆ, ಆದ್ರ ಇಲ್ಲಿ ನೀ ಒಂದ ದಿನಾನೂ ಕುಂತಿಲ್ಲ. ಕುಂತಾವ್ರ ಹಕ್ಕು ಅಂತ ರೂಢಿ ಐತಿ ಹೌದಲ್ಲೋ? ಶೆಡ್ಡಿನ ಮಾತಿಗೆ ನಾ ತಪ್ಪೂದಿಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅವ್ವನ ಒಲೆಯ ಮೇಲೆ ನಿಂತಿದ್ದೆ, ಆದರೂ ಅದು ನನ್ನದಲ್ಲ.

"ಹಂಗಾದ್ರ ಇಲ್ಲಿ ಕುಂತಾವ್ರು ಯಾರ್ರೀ ಸಾವ್ಕಾರ್ರ?" ಎಂದಳು ರುದ್ರವ್ವ. ಉಳಿದ ರೊಟ್ಟಿ ಬಾಯಿಗೆ ಹಾಕಿ, ಕೈ ಕೊಡವಿ, ಎದ್ದಳು. "ಬೇಲಿ ಹಾಕೂಕಿಂತ ಮೊದಲ ಕುರಿ ಮಲಗತಿದ್ವು. ಬೇಲಿ ಹಾಕಿದ ಮ್ಯಾಲ ನಾವು. ಎರಡ ಬ್ಯಾಸಿಗಿ ಇಲ್ಲೇ ಉಂಡೀವಿ. ಕುಂತಾವ್ರ ಹಕ್ಕು ಅಂದ್ರ ನೆರಳ ನಮ್ಮದಾತಿಲ್ಲೋ?"

"ಏ ರುದ್ರವ್ವಾ, ನೀ ನನ್ನ ಕಡಿ ಕೆಲಸಾ ಮಾಡಾಕಿ ಅದಿ."

"ಕೈ ನಿಮ್ಮ ಕೆಲಸಾ ಮಾಡತಾವರಿ. ಕುಂದರೂದು ನಮ್ಮದ ನಾವ ಕುಂತೀವಿ." ಹೆಂಗಸರೆಲ್ಲ ಕಿಸಕ್ಕೆಂದರು. ಅವಳು ನನ್ನ ಕಡೆ ತಿರುಗಿದಳು. "ಯಕ್ಕಾ, ನಮ್ಮ ಬುತ್ತಿ ರೊಟ್ಟಿ ಮಧ್ಯಾಹ್ನಕ್ಕ ಚಕ್ಕಳಾ ಆಗಿರತಾವು. ನೀ ಇಲ್ಲಿ ಒಲಿ ಹೂಡಿದ್ರ ನಮಗ ಬಿಸೀವು ಸಿಗತಾವಿಲ್ಲೋ? ಹೂಡವಾ. ನಾವ ಹೇಳತೀವಿ."

ಸಾವ್ಕಾರರು ಬೀದಿಯವರ ಮುಖ ನೋಡಿದರು. ಬೀದಿ ಒಂದೇ ದನಿಯಲ್ಲಿ ಹೌದು ಅಂದಿತು. ಈ ಸಲದ ಹೌದು ಬೇರೆ ಥರ ಇತ್ತು. ಸಾವ್ಕಾರರು ವ್ಯಾಪಾರಸ್ಥರು, ಎಲ್ಲಿ ಬಗ್ಗಬೇಕೆಂದು ಗೊತ್ತಿದ್ದವರು. "ಇದ ಇರಲಿ. ಆದ್ರ ಆ ಸಾರಾಯಿ ಅಂಗಡಿ ನೆರಳು ನನಗ ತೆರವ ಮಾಡಿ ಕೊಡ್ರಿ, ಅಲ್ಲಿ ಕಾಯಿ ಹರವತೀನಿ" ಅಂದರು.

ಎಲ್ಲರೂ ಮುದುಕರ ಕಡೆ ನೋಡಿದರು. ನಾನು ನೋಡಲಿಲ್ಲ. "ಈ ಬ್ಯಾಸಿಗಿ ಅಲ್ಲಿ ಯಾರೂ ಕುಂದರೂಹಂಗಿಲ್ಲ" ಎಂದೆ. "ನಮ್ಮವ್ವ ಅರ್ಧಾ ಮುಚ್ಚಿಸಿದ್ಲು. ಉಳದಿದ್ದ ಅರ್ಧಾ ನಾ ಮುಚ್ಚಿಸ್ತೀನಿ."

ಸಂಜೆಯೊಳಗೆ ಒಲೆ, ಹಂಚು, ಕೊಣಮಿಗೆ ಓಣಿ ದಾಟಿದವು. ಹೆಂಗಸರೇ ಹೊತ್ತು ತಂದರು. ಕೊನೆಗೆ ಹಿಟ್ಟಿನ ಡಬ್ಬಿ ತರಲು ಹೋದಾಗ ಗುರುಪಾದ ಕಾಕಾ ಆ ಮೂಲೆಯ ಹತ್ತಿರ ನಿಂತಿದ್ದ. ಕೂತಿರಲಿಲ್ಲ.

"ಒಂದ ಮಾತ ಕೇಳ ತಂಗಿ. ನಾವು ಕುಡಿಯಾಕ ಬಂದು ಕುಂದರ್ತಿರಲಿಲ್ಲ. ಕುಡಿಯೂದು ಬಿಟ್ಟ ಯಾವ ಕಾಲಾತು. ಪಾಳಿ ಮುಗದ ಮ್ಯಾಲ ನಾವು ಮನಷ್ಯಾರ ಹಂಗ ಕುಂತು ಮಾತಾಡಿದ್ದು ಇದೊಂದ ಜಾಗದಾಗ. ನಿಮ್ಮಪ್ಪ ನನ್ನ ಬಾಜೂಕ ಕುಂದರ್ತಿದ್ದ. ಇಲ್ಲೇ." ಅವನು ಕೋಲಿನಿಂದ ನೆಲ ತೋರಿಸಿದ. "ಆ ಚೌಕ ಐತಲಾ, ಅದು ಬೀದಿ ಕಡಿ ಕಿಂಡಿ. ನಾಚಿಕಿ ಇದ್ದಾವ್ರು ಹೊರಗ ನಿಂತು ಅದರಾಗ ಕೈ ಹಾಕಿ ಗ್ಲಾಸ್ ತಗೋತಿದ್ರು. ಸಂಜಿ ಮುಂದ ಅದರಾಗ ಒಂದ ಸಣ್ಣ ಕೈ ಬರತಿತ್ತು. ರೊಟ್ಟಿ ಹಿಡಕೊಂಡು."

ನಾನು ಡಬ್ಬಿ ಕೆಳಗಿಟ್ಟೆ.

"ಒಳಗ ಹೋಗಬ್ಯಾಡ, ಕಿಂಡ್ಯಾಗಿಂದ ಕೊಟ್ಟ ಬಾ ಅಂತ ನಿಮ್ಮವ್ವ ಕಳಿಸ್ತಿದ್ಲು. ಎಷ್ಟ ಸಿಟ್ಟಿದ್ರೂ ಅವಂಗ ಬಿಸಿ ರೊಟ್ಟಿ ಕಳಸೂದು ತಪ್ಪಸಲಿಲ್ಲ ಆಕಿ. ನಿಮ್ಮಪ್ಪ ಮೊದಲ ಆ ಕೈ ಹಿಡಕೊಂಡು ಕಣ್ಣಿಗೊತ್ತಿ ಆಮ್ಯಾಲ ರೊಟ್ಟಿ ತಗೋತಿದ್ದ. ನಾವೆಲ್ಲಾ ನೋಡಿ ನಗತಿದ್ವಿ."

ನನ್ನ ಕಣ್ಣಿಗೆ ಕಟ್ಟಿದ್ದ ಒಂದೇ ಒಂದು ಚಿತ್ರ ಸುಳ್ಳಾಗಿರಲಿಲ್ಲ. ನಾನು ನಿಂತು ನೋಡಿದ ಕಡೆ ಮಾತ್ರ ಬೇರೆ ಇತ್ತು. ಅಪ್ಪನ ಮುಖ ನನಗೆ ನೆನಪಿಲ್ಲ. ಅವನ ಕೈ ನೆನಪಿದೆಯೇ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನಾನು ಡಬ್ಬಿ ಎತ್ತಿಕೊಂಡು ಓಣಿ ದಾಟಿದೆ.

ಯುಗಾದಿ ಬಂತು, ಬೇಸಿಗೆ ಏರಿತು. ಅವ್ವನ ಒಲೆಗೆ ಮತ್ತೆ ಹೊಗೆ ಹಿಡಿಯಿತು. ಮಧ್ಯಾಹ್ನ ದುಂಡನೆಯ ಬೆಳಕು ಕೊಣಮಿಗೆಯ ಮೇಲೆ ಬೀಳುವ ಹೊತ್ತಿಗೆ ಹೆಂಗಸರು ಕೆಂಪು ಕೈ ತೊಳೆದುಕೊಂಡು ಬಂದು ಸಾಲು ಕೂರುತ್ತಿದ್ದರು. ಮೊದಲ ಕೆಲವು ದಿನ ಮುದುಕರು ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಸುಳಿದಾಡತೊಡಗಿದರು. ಮನಸ್ಸು ಕರಗಿತು, ಸುಳ್ಳು ಯಾಕೆ ಹೇಳಲಿ. "ಹೊರಗ ಯಾಕ ನಿಂತೀರಿ? ಇದು ಸಾರಾಯಿ ಅಂಗಡಿ ಅಲ್ಲ, ರಾಜಾರೋಷ ಒಳಗ ಬರ್ರಿ. ಕೈ ತೊಳಕೊಂಡ್ ಬರ್ರಿ ಅಷ್ಟ" ಎಂದು ಗದರಿದೆ. ಗುರುಪಾದ ಕಾಕಾ ಎಲ್ಲರಿಗಿಂತ ಕೊನೆಗೆ ಬಂದು ಗೋಡೆಯಿದ್ದ ಕಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತ. ಅವನ ಚಹಾಕ್ಕೆ ಸಕ್ಕರೆ ಮೊದಲಿನಷ್ಟೇ ಹಾಕಿದೆ.

ಓಣಿಯ ಆಚೆ ಆ ನೆರಳು ಒಂದು ಬೇಸಿಗೆ ಪೂರ್ತಿ ಖಾಲಿ ಮಲಗಿತ್ತು. ಮೊದಲು ಅಂಚು ಸವೆಯಿತು, ಆಮೇಲೆ ಹೊಸ್ತಿಲು ಹೋಯಿತು, ಆಮೇಲೆ ಇಡೀ ನೆರಳು ತೊಳೆದು ತೊಳೆದು ಹಳತಾದ ಧೋತರದಂತೆ ತೆಳುವಾಯಿತು. ನಡುವಿನ ಚೌಕ ಮಾತ್ರ ಕಾಣುತ್ತಿತ್ತು, ಸುತ್ತಲಿನದು ಬಿಳಚಿಕೊಂಡಂತೆ ಮಬ್ಬಾಗಿ. ರೊಟ್ಟಿ ಬಡಿಯುವಾಗ ನನ್ನ ಕಣ್ಣು ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿತ್ತು. ಒಂದೇ ಒಂದು ಸಲ ಹೋಗಿ ಕೂತುಬಿಟ್ಟರೆ ಅದು ಇನ್ನೊಂದು ವರ್ಷ ಇರುತ್ತದೆ. ಯಾರೂ ನೋಡುವುದಿಲ್ಲ, ನೋಡಿದರೂ ಯಾರೂ ಏನೂ ಅನ್ನುವುದಿಲ್ಲ. ಸುಮ್ಮನಿರುವುದರಲ್ಲಿ ನಮ್ಮ ಬೀದಿಯ ಜನ ಎಂಥವರೆಂದು ನೋಡಿಯಾಗಿತ್ತಲ್ಲ.

ಒಂದು ದಿನ ಮಧ್ಯಾಹ್ನದ ಮೇಲೆ ಮೂಡಣದಲ್ಲಿ ಮೋಡ ಕಪ್ಪಾಗಿ ಎದ್ದಿತು. ಕಣದಲ್ಲಿ ಗದ್ದಲ, ಎಲ್ಲರೂ ಕಾಯಿ ರಾಶಿ ಮಾಡಿ ತಾಡಪತ್ರಿ ಹೊದಿಸುವ ಗಡಿಬಿಡಿ. ಇನ್ನು ಸ್ವಲ್ಪ ಹೊತ್ತಿಗೆ ಮಳೆ. ನಾನು ಹಂಚಿನ ಮೇಲಿಂದ ರೊಟ್ಟಿ ತೆಗೆದೆ, ಚೆನ್ನಾಗಿ ಉಬ್ಬಿದ ರೊಟ್ಟಿ. ಅದನ್ನು ಹಿಡಿದು ಓಣಿ ದಾಟಿ, ಬೀದಿಯ ಕಡೆಯಿಂದ, ಕಿಂಡಿ ಇದ್ದಲ್ಲಿಗೆ ಹೋಗಿ ನಿಂತೆ. ಪಡುವಣದಲ್ಲಿ ಇನ್ನೂ ಬಿಸಿಲಿತ್ತು. ನೆಲದ ಮೇಲೆ ನೆರಳು ಇದೆಯೋ ಇಲ್ಲವೋ ಅನ್ನುವಷ್ಟು, ಅದರೊಳಗೆ ಚೌಕ. ಬಗ್ಗಿ ಕೈ ಚಾಚಿ ರೊಟ್ಟಿಯನ್ನು ಆ ಬೆಳಕಿನಲ್ಲಿ ಇಟ್ಟೆ. ಕೈಯನ್ನು ತಕ್ಷಣ ಹಿಂದಕ್ಕೆ ತೆಗೆಯಲಾಗಲಿಲ್ಲ. ಮೊಣಕಾಲು ತಾವಾಗಿಯೇ ಮಡಚಿಕೊಳ್ಳಲು ಬಂದವು. ಕೂರಬೇಡ ಹಾಲವ್ವಾ, ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಕೂರಲಿಲ್ಲ.

"ಯಕ್ಕಾ, ಹಂಚ ಸುಡಾಕ ಹತ್ತೈತಿ" ಎಂದು ರುದ್ರವ್ವ ಆಚೆಯಿಂದ ಕೂಗಿದಳು.

ಬಂದೆ ಎಂದೆ. ಬೆನ್ನ ಮೇಲೆ ಮೊದಲ ಹನಿ ಬಿತ್ತು. ತಿರುಗಿ ನೋಡದೆ ಓಣಿ ದಾಟಿ, ಇಲ್ಲದ ಮೆಟ್ಟಿಲು ಇಳಿದು, ಅವ್ವನ ಒಲೆಯ ಮುಂದೆ ಕೂತು ಇನ್ನೊಂದು ರೊಟ್ಟಿ ಬಡಿಯತೊಡಗಿದೆ.